ಗೈರಾದವಳ ಮನೆಯ ಬಾಗಿಲು ತಟ್ಟೋಣ

(ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹರೂಪ)

ನಾನು ಭಾಷಣ ಮಾಡಿ ಅಭ್ಯಾಸವಿರುವವಳಲ್ಲ. ಹೊಲಿಗೆ ಮಿಷನ್ ತುಳಿದು ಸಂಸಾರ ಸಾಗಿಸಿದವಳು. ‘ಬೀದಿ ಕಾವಲು ತಂಡ ಕಟ್ಟುವುದು ಹೇಗೆ’ ಎಂದು ಮಾತಾಡಲು ನನ್ನನ್ನು ಕರೆದಿದ್ದೀರಿ. ನಮ್ಮ ಬೀದಿಯಲ್ಲಿ ನಡೆದದ್ದನ್ನು ನಡೆದ ಹಾಗೇ ಹೇಳುತ್ತೇನೆ. ಅದರಲ್ಲಿ ನಮ್ಮ ತಪ್ಪೂ ಇದೆ. ಅದನ್ನು ಮುಚ್ಚಿಟ್ಟು ಮಾತಾಡಿದರೆ ಪ್ರಯೋಜನವಿಲ್ಲ.

2003ನೇ ಇಸವಿಯ ಬೇಸಿಗೆ. ನಮ್ಮ ಬೀದಿಯಲ್ಲಿ ಕಳ್ಳರ ಕಾಟ ಶುರುವಾಯಿತು. ಒಂದು ಮನೆಯ ತಾಮ್ರದ ಹಂಡೆ ಹೋಯಿತು, ಇನ್ನೊಂದು ಮನೆಯ ಸೈಕಲ್ ಹೋಯಿತು. ಕೊನೆಗೆ ಬೆಳಗಿನ ಜಾವ ಬಾಗಿಲಿಗೆ ನೀರು ಹಾಕುತ್ತಿದ್ದ ಹೆಂಗಸಿನ ಕತ್ತಿನ ಸರಕ್ಕೇ ಕೈ ಹಾಕಿದರು. ಬೀದಿಯ ಗಂಡಸರೆಲ್ಲ ಸಭೆ ಸೇರಿದರು. ದಿನಕ್ಕೆ ನಾಲ್ಕು ಜನರಂತೆ ಪಾಳಿ ಹಾಕಿಕೊಂಡು, ದೊಣ್ಣೆ, ಬ್ಯಾಟರಿ, ಸೀಟಿ ಹಿಡಿದು ರಾತ್ರಿಯೆಲ್ಲ ಗಸ್ತು ತಿರುಗಿದರು. ನಾವು ಹೆಂಗಸರು ನಡುರಾತ್ರಿ ಅವರಿಗೆ ಚಹಾ ಕಾಯಿಸಿ ಕೊಡುತ್ತಿದ್ದೆವು.

ಅದೇ ರಾತ್ರಿಗಳಲ್ಲಿ, ಅದೇ ಬೀದಿಯ ಒಂದು ಮನೆಯಿಂದ ಹೆಣ್ಣೊಬ್ಬಳ ಅಳು ಕೇಳುತ್ತಿತ್ತು. ಗಸ್ತಿನವರು ಒಂದು ಗಳಿಗೆ ನಿಲ್ಲುತ್ತಿದ್ದರು, ಮತ್ತೆ ಮುಂದೆ ಹೋಗುತ್ತಿದ್ದರು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ನಮ್ಮ ಹಿರಿಯರೇ ಹೇಳಿಕೊಟ್ಟಿದ್ದಾರಲ್ಲ! ಗಂಡಸರನ್ನು ಮಾತ್ರ ಏಕೆ ದೂರಲಿ? ಆ ಮನೆಯ ಗೋಡೆಗೆ ನಮ್ಮ ಮನೆಯ ಗೋಡೆ ಅಂಟಿಕೊಂಡಿತ್ತು. ನಾನು ಎದ್ದು ಕಿಟಕಿ ಮುಚ್ಚಿ ಮಲಗುತ್ತಿದ್ದೆ.

ಆ ಹುಡುಗಿಯ ಹೆಸರು ಹೇಳುವುದಿಲ್ಲ. ಮದುವೆಯಾಗಿ ಎರಡು ವರ್ಷವಾಗಿತ್ತು. ಮದುವೆಯಲ್ಲಿ ಒಪ್ಪಿಕೊಂಡ ಸ್ಕೂಟರಿನ ಹಣ ತವರಿನಿಂದ ಬಂದಿರಲಿಲ್ಲ. ನಮ್ಮ ಸಂಘಕ್ಕೆ ಸೇರಿದ್ದಳು. ವಾರಕ್ಕೆ ಹತ್ತು ರೂಪಾಯಿ ಉಳಿತಾಯ ಕಟ್ಟುತ್ತಿದ್ದಳು. ಲೆಕ್ಕ ಬರೆಯುವುದರಲ್ಲಿ ಚುರುಕು. ಒಂದು ವಾರ ಸಭೆಗೆ ಬರಲಿಲ್ಲ. ಮರುವಾರವೂ ಇಲ್ಲ. ಮೂರನೇ ವಾರವೂ ಇಲ್ಲ. ನಾವು ಹಾಜರಿ ಪುಸ್ತಕದಲ್ಲಿ ‘ಗೈರು’ ಎಂದು ಬರೆದೆವು. ನಮ್ಮ ನಿಯಮದಂತೆ ವಾರಕ್ಕೆ ಐದು ರೂಪಾಯಿ ದಂಡ ಹಾಕಿದೆವು. ಒಟ್ಟು ಹದಿನೈದು ರೂಪಾಯಿ. ನಾಲ್ಕನೇ ವಾರ, ಸಭೆಯ ಹಿಂದಿನ ದಿನ, ಅವಳು ಸುಟ್ಟುಕೊಂಡಳು. ‘ಸ್ಟವ್ ಸಿಡಿಯಿತು’ ಎಂದರು. ಆಸ್ಪತ್ರೆಯಲ್ಲಿ ಎರಡು ದಿನ ಬದುಕಿದ್ದಳು. ಹೇಳಿಕೆ ತೆಗೆದುಕೊಳ್ಳುವಾಗ ಅತ್ತೆ ಮಂಚದ ಪಕ್ಕದಲ್ಲೇ ನಿಂತಿದ್ದಳಂತೆ. ಹುಡುಗಿಯೂ ‘ಸ್ಟವ್’ ಎಂದಳು.

ಪೊಲೀಸರು ಬೀದಿಗೆ ಬಂದು ಮನೆ ಮನೆ ಕೇಳಿದರು. ಜಗಳ ಇತ್ತೇ? ಹೊಡೆಯುತ್ತಿದ್ದರೇ? ಹಣ ಕೇಳುತ್ತಿದ್ದರೇ? ಎಲ್ಲರೂ ‘ನಮಗೆ ಗೊತ್ತಿಲ್ಲ ಸ್ವಾಮಿ’ ಎಂದರು. ನಾನೂ ಹಾಗೇ ಹೇಳಿದೆ. ಆ ಪ್ರಕರಣ ನಿಲ್ಲಲಿಲ್ಲ.

ಮುಂದಿನ ಸಭೆಯಲ್ಲಿ ಪುಸ್ತಕ ತೆರೆದಾಗ ಅವಳ ಹೆಸರಿನ ಮುಂದೆ ಮೂರು ಗೈರು ಕಂಡವು. ಹಂಡೆ ಕದಿಯುವವನಿಗಾಗಿ ಇಡೀ ಬೀದಿ ನಿದ್ದೆಗೆಟ್ಟು ಕಾದಿತ್ತು. ಹೆಣ್ಣಿನ ಜೀವಕ್ಕೆ ಕಾವಲಿರಲಿಲ್ಲ. ಅಪಾಯದ ಸೂಚನೆ ನಮ್ಮ ಕೈಯಲ್ಲೇ, ನಮ್ಮ ಅಕ್ಷರದಲ್ಲೇ ಇತ್ತು. ನಾವು ಅದಕ್ಕೆ ದಂಡ ಹಾಕಿದ್ದೆವು.

ಗೆಳತಿಯರೇ, ಇದು ನಮ್ಮ ಒಂದು ಬೀದಿಯ ಕತೆಯಲ್ಲ. 1990ರ ದಶಕದಲ್ಲಿ ಬೆಂಗಳೂರಿನ ವಿಮೋಚನಾ ಸಂಘಟನೆಯವರು ಆಸ್ಪತ್ರೆಯ ಸುಟ್ಟಗಾಯದ ವಾರ್ಡಿಗೆ ಹೋಗಿ, ‘ಆಕಸ್ಮಿಕ’ ಎಂದು ಬರೆದು ಮುಚ್ಚಿದ ಹೆಣ್ಣುಮಕ್ಕಳ ಸಾವುಗಳ ಬಗ್ಗೆ ಪ್ರಶ್ನೆ ಎತ್ತಿದರು. ಇಂದಿಗೂ ಲೆಕ್ಕ ಬದಲಾಗಿಲ್ಲ. ಸರ್ಕಾರದ ಅಪರಾಧ ದಾಖಲೆಯ ಪ್ರಕಾರ 2022ರಲ್ಲಿ ದೇಶದಲ್ಲಿ ದಾಖಲಾದ ವರದಕ್ಷಿಣೆ ಸಾವಿನ ಪ್ರಕರಣಗಳು 6,450. ಅಂದರೆ ದಿನಕ್ಕೆ ಹದಿನೇಳಕ್ಕೂ ಹೆಚ್ಚು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ನಮ್ಮ ಕರ್ನಾಟಕದಲ್ಲಿ ಮದುವೆಯಾದ ನೂರು ಹೆಂಗಸರಲ್ಲಿ 44 ಮಂದಿ ಗಂಡನ ಹಿಂಸೆ ಅನುಭವಿಸಿದ್ದೇವೆ ಎಂದರು. ಇಡೀ ದೇಶದಲ್ಲಿ ಹಿಂಸೆಗೆ ಒಳಗಾದ ನೂರು ಹೆಂಗಸರಲ್ಲಿ ಸಹಾಯ ಕೇಳಿದವರು 14 ಮಂದಿ ಮಾತ್ರ. ಉಳಿದವರು ಬಂದು ಕೇಳಲಿ ಎಂದು ನಾವು ಕಾಯುತ್ತ ಕುಳಿತರೆ ಆಗುವುದಿಲ್ಲ. ನಾವೇ ಹೋಗಬೇಕು.

ನಾವು ಹೇಗೆ ಹೋದೆವು ಎಂದು ಈಗ ಹೇಳುತ್ತೇನೆ.

ಮೊದಲು ದಂಡದ ನಿಯಮ ತೆಗೆದುಹಾಕಿದೆವು. ಹೇಳದೆ ಗೈರಾದವಳ ಮನೆಗೆ ಅದೇ ದಿನ ಸಂಜೆಯೊಳಗೆ ಇಬ್ಬರು ಹೋಗಬೇಕು. ಇದು ಈಗ ನಮ್ಮ ನಿಯಮ. ಹೋಗಿ ಏನು ಹೇಳುವುದು? ನೆಪ ಬೇಕಾದಷ್ಟಿವೆ. ಮೊಸರಿಗೆ ಹೆಪ್ಪು ಬೇಕು, ಪಾಸ್‌ಬುಕ್ಕಿಗೆ ಸಹಿ ಬೇಕು, ಸಾಲದ ಅರ್ಜಿ ತುಂಬಬೇಕು. ಅವಳ ಮುಖ ನೋಡದೆ ವಾಪಸ್ಸು ಬರಬಾರದು. ‘ಮಲಗಿದ್ದಾಳೆ’ ಎಂದು ಅತ್ತೆ ಹೇಳಿದರೆ ‘ಏಳುವ ತನಕ ಕೂತಿರುತ್ತೇವೆ’ ಎಂದು ಜಗುಲಿಯ ಮೇಲೆ ಕೂರಬೇಕು. 2008ರಲ್ಲಿ ‘ಬೆಲ್ ಬಜಾವೋ’ ಎಂಬ ಪ್ರಚಾರ ದೇಶದಲ್ಲೆಲ್ಲ ನಡೆಯಿತು. ಪಕ್ಕದ ಮನೆಯಲ್ಲಿ ಹೊಡೆತದ ಸದ್ದು ಕೇಳಿದರೆ ಗಂಟೆ ಒತ್ತಿ, ಏನಾದರೂ ಕೇಳಿ ಎಂಬುದೇ ಅದರ ತಿರುಳು. ಹೊರಗಿನವರು ನೋಡುತ್ತಿದ್ದಾರೆ ಎಂದು ಗೊತ್ತಾದರೆ ಎತ್ತಿದ ಕೈ ಎಷ್ಟೋ ಸಲ ಕೆಳಗಿಳಿಯುತ್ತದೆ.

ಎರಡನೆಯದು ತಂಡ. ಹತ್ತು ಮನೆಗೆ ಇಬ್ಬರಂತೆ ಎಂಟು ಜನ ಸೇರಿದೆವು. ನಸುಕಿಗೇ ಎದ್ದು ಹೊರಡುವ ಹೂ ಮಾರುವಾಕೆ, ಎಲ್ಲರ ಮನೆಯೊಳಗೆ ಹೋಗುವ ಅಂಗನವಾಡಿ ಸಹಾಯಕಿ, ಗಂಡಸರೂ ಹೆದರುವಂಥ ಒಬ್ಬ ಅಜ್ಜಿ, ಅಳತೆ ಕೊಡಲು ಬರುವವರ ಬೆನ್ನ ಮೇಲಿನ ಬಾಸುಂಡೆ ಕಾಣುವ ದರ್ಜಿಯಾದ ನಾನು. ಓದು ಬರಹ ಮುಖ್ಯವಲ್ಲ. ಬಾಯಿ ಬಿಗಿಯಾಗಿರಬೇಕು, ಕಿವಿ ತೆರೆದಿರಬೇಕು.

ಮೂರನೆಯದು, ರಾತ್ರಿ ಕೂಗು ಕೇಳಿದಾಗ ಏನು ಮಾಡಬೇಕು? ಒಬ್ಬರೇ ಹೋಗಬಾರದು. ಮೂರು ನಾಲ್ಕು ಜನ ಸೇರಿ ಬಾಗಿಲಲ್ಲಿ ನಿಂತು ಅವಳ ಹೆಸರು ಹಿಡಿದು ಕರೆಯಬೇಕು. ಅವನ ಜೊತೆ ವಾದಕ್ಕಿಳಿಯಬಾರದು, ಅವನ ಮೇಲೆ ಕೈ ಮಾಡಬಾರದು. ಹಾಗೆ ಮಾಡಿದರೆ ನಾಳೆ ಠಾಣೆಯಲ್ಲಿ ನಿಲ್ಲುವವರು ನಾವು, ಅವನ ಸಿಟ್ಟು ಮುಗಿಯುವುದು ಅವಳ ಮೈಮೇಲೆ. ಜೀವಕ್ಕೆ ಅಪಾಯ ಕಂಡರೆ 112ಕ್ಕೆ ಫೋನ್ ಮಾಡಬೇಕು. ಸಲಹೆಗೆ, ಆಶ್ರಯಕ್ಕೆ ಮಹಿಳಾ ಸಹಾಯವಾಣಿ 181 ಇದೆ.

ನಾಲ್ಕನೆಯದು ಪುಸ್ತಕ. ಸಂಘದ ಲೆಕ್ಕದ ಪುಸ್ತಕವಲ್ಲ, ಬೇರೆಯದು. ತಾರೀಖು, ಸಮಯ, ಏನು ಕೇಳಿದೆವು, ಏನು ಕಂಡೆವು, ಇಷ್ಟನ್ನೇ ಬರೆಯುತ್ತೇವೆ. ಅವರಿವರು ಹೇಳಿದ್ದನ್ನು ಬರೆಯುವುದಿಲ್ಲ. ಅದು ಅಜ್ಜಿಯ ಟ್ರಂಕಿನಲ್ಲಿ ಬೀಗ ಹಾಕಿ ಇರುತ್ತದೆ. ಏಕೆ ಬೇಕು ಗೊತ್ತೇ? ಮದುವೆಯಾಗಿ ಏಳು ವರ್ಷದೊಳಗೆ ಹೆಣ್ಣು ಸುಟ್ಟು ಸತ್ತರೆ ಅಥವಾ ಅಸಹಜವಾಗಿ ಸತ್ತರೆ, ಸಾವಿಗೆ ಸ್ವಲ್ಪ ಮುಂಚೆ ವರದಕ್ಷಿಣೆಗಾಗಿ ಹಿಂಸೆ ನಡೆದಿತ್ತು ಎಂದು ತೋರಿಸಬೇಕು. ತೋರಿಸಿದರೆ ನ್ಯಾಯಾಲಯ ಅದನ್ನು ವರದಕ್ಷಿಣೆ ಸಾವು ಎಂದೇ ಎಣಿಸುತ್ತದೆ. 1986ರಲ್ಲಿ 304ಬಿ ಎಂದು ಬಂದ ಕಲಮು 2024ರ ಜುಲೈಯಿಂದ ಭಾರತೀಯ ನ್ಯಾಯ ಸಂಹಿತೆಯ 80ನೇ ಕಲಮಾಗಿದೆ. ಅದನ್ನು ತೋರಿಸುವವರು ಯಾರು? ತವರಿನವರು ದೂರದಲ್ಲಿರುತ್ತಾರೆ. ಗೋಡೆಯಾಚೆ ಇರುವವರು ನಾವು. ಅಂದು ನಾನು ‘ಗೊತ್ತಿಲ್ಲ’ ಎಂದದ್ದರ ಬೆಲೆ ಇದೇ.

ಸಾವಿನ ತನಕ ಕಾಯುವ ಅಗತ್ಯವೇ ಇಲ್ಲ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ 2006ರ ಅಕ್ಟೋಬರಿನಿಂದ ಜಾರಿಯಲ್ಲಿದೆ. ಹಿಂಸೆ ನಡೆಯುತ್ತಿದೆ, ನಡೆಯಬಹುದು ಎಂದು ನಂಬಲು ಕಾರಣವಿದ್ದರೆ ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಒಳ್ಳೆಯ ಮನಸ್ಸಿನಿಂದ ತಿಳಿಸಿದವರ ಮೇಲೆ ಕೇಸು ಹಾಕಲು ಬರುವುದಿಲ್ಲ ಎಂದು ಅದೇ ಕಾಯ್ದೆ ಹೇಳುತ್ತದೆ. ನಮ್ಮ ರಾಜ್ಯದಲ್ಲಿ ಆ ಅಧಿಕಾರಿ ಬೇರೆ ಯಾರೂ ಅಲ್ಲ, ನಿಮಗೆಲ್ಲ ಪರಿಚಯವಿರುವ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಅಂದರೆ ಸಿ.ಡಿ.ಪಿ.ಓ. ಹೊಡೆಯಬಾರದು ಎಂಬ ಆದೇಶ, ಅದೇ ಮನೆಯಲ್ಲಿ ವಾಸಿಸುವ ಹಕ್ಕು, ಜೀವನಾಂಶ, ಇವನ್ನೆಲ್ಲ ಮ್ಯಾಜಿಸ್ಟ್ರೇಟರಿಂದ ಕೇಳಬಹುದು. ಆದೇಶ ಮೀರಿದರೆ ಒಂದು ವರ್ಷದವರೆಗೆ ಜೈಲು.

ಗಂಡನ ಮನೆಯವರ ಕ್ರೌರ್ಯದ ಬಗ್ಗೆ ಪೊಲೀಸ್ ದೂರು, ಹಿಂದಿನ 498ಎ, ಈಗಿನ 85ನೇ ಕಲಮು, ಅವಳೇ ಕೊಡಬೇಕು ಅಥವಾ ಅವಳ ಸಂಬಂಧಿಕರು ಕೊಡಬೇಕು. ನಾವು ಜೊತೆಗೆ ಹೋಗಿ ನಿಲ್ಲಬಹುದು. ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ‘ನಮ್ಮ ಸರಹದ್ದಲ್ಲ’ ಎಂದು ವಾಪಸ್ಸು ಕಳಿಸುವಂತಿಲ್ಲ. ಎಫ್.ಐ.ಆರ್. ಪ್ರತಿ ಉಚಿತವಾಗಿ ಕೊಡಬೇಕು. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಎಸ್.ಪಿ.ಯವರಿಗೆ ಅಂಚೆಯಲ್ಲಿ ಕಳಿಸಬಹುದು. ವಕೀಲರ ಫೀಸಿಗೆ ಹೆದರಬೇಡಿ. ಕಾನೂನು ಸೇವಾ ಪ್ರಾಧಿಕಾರದಲ್ಲಿ ಆದಾಯ ಎಷ್ಟೇ ಇರಲಿ, ಪ್ರತಿ ಹೆಣ್ಣಿಗೂ ಉಚಿತ ನೆರವಿದೆ. ಗಾಯವಾಗಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ‘ಬಿದ್ದೆ’ ಎಂದು ಹೇಳಿಸಬೇಡಿ. ನಡೆದದ್ದನ್ನು ಹೇಳಿಸಿ, ಎಂ.ಎಲ್.ಸಿ. ಮಾಡಿಸಿ. ಅವಳು ಹೇಳಿಕೆ ಕೊಡುವಾಗ ಗಂಡನ ಕಡೆಯವರನ್ನು ಹೊರಗೆ ಕಳಿಸಿ ಎಂದು ಡಾಕ್ಟರನ್ನು ಕೇಳಿ.

ಪೊಲೀಸರ ವಿಚಾರಕ್ಕೆ ಬರುತ್ತೇನೆ. ನಿಮ್ಮ ಬೀಟಿನ ಪೊಲೀಸ್ ಯಾರು ಎಂದು ಹೆಸರು, ನಂಬರು ತಿಳಿದಿರಲಿ. 2025ರ ಜುಲೈಯಲ್ಲಿ ರಾಜ್ಯದಲ್ಲಿ ‘ಮನೆ ಮನೆಗೆ ಪೊಲೀಸ್’ ಎಂಬ ಕಾರ್ಯಕ್ರಮ ಆರಂಭವಾಯಿತು. ಬಾಗಿಲಿಗೆ ಬಂದವರ ಹತ್ತಿರ ಕಳ್ಳತನದ ವಿಷಯ ಮಾತ್ರ ಮಾತಾಡಿ ಕಳಿಸಬೇಡಿ. ಮನೆಯೊಳಗಿನ ಹಿಂಸೆಯೂ ಅಪರಾಧವೇ ಎಂದು ಹೇಳಿ. ಆದರೆ ನಾವು ಪೊಲೀಸರಲ್ಲ, ಅವರ ಗುಪ್ತಚರರೂ ಅಲ್ಲ. ಯಾರನ್ನೂ ಹಿಡಿಯುವ, ಕೂಡಿಹಾಕುವ, ಶಿಕ್ಷಿಸುವ ಅಧಿಕಾರ ನಮಗಿಲ್ಲ.

ಇಲ್ಲಿ ನಾವು ಎಡವಿದ್ದನ್ನೂ ಹೇಳಬೇಕು. ತಂಡದ ಇಬ್ಬರು ಒಂದು ಸಲ ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳು ಹುಡುಗನ ಜೊತೆ ಬಸ್‌ಸ್ಟಾಪಿನಲ್ಲಿ ಮಾತಾಡಿದ್ದನ್ನು ಪುಸ್ತಕದಲ್ಲಿ ಬರೆದರು. ಅವಳ ತಂದೆಯ ಕಿವಿಗೂ ಹಾಕಿದರು. ಆ ಹುಡುಗಿಗೆ ಏಟು ಬಿತ್ತು. ಹಿಂಸೆ ನಿಲ್ಲಿಸಲು ಹೊರಟ ತಂಡವೇ ಹಿಂಸೆಗೆ ಕಾರಣವಾಯಿತು! ಆ ಹಾಳೆಯನ್ನು ಎಲ್ಲರೆದುರಿಗೆ ಹರಿದೆವು, ಹುಡುಗಿಯ ಮುಂದೆ ತಪ್ಪೊಪ್ಪಿಕೊಂಡೆವು. ಕಾವಲು ಎಂದರೆ ಹೆಣ್ಣುಮಕ್ಕಳನ್ನು ಕಾಯುವುದು ಎಂದು ನಮ್ಮ ತಲೆಯಲ್ಲಿ ಕೂತಿದೆ. ನಾವು ಕಾಯಬೇಕಾದದ್ದು ಅವರ ಜೀವವನ್ನು, ಅವರ ನಡತೆಯನ್ನಲ್ಲ.

ಇನ್ನೊಂದು, ರಾಜಿ ಪಂಚಾಯಿತಿ. ‘ಹೊಂದಿಕೊಂಡು ಹೋಗು’ ಎಂದು ಬುದ್ಧಿ ಹೇಳಿ, ಬಿಳಿ ಹಾಳೆಯ ಮೇಲೆ ಸಹಿ ಹಾಕಿಸಿ ವಾಪಸ್ಸು ಕಳಿಸುವುದು ಸುಲಭ. ಹಾಗೆ ಕಳಿಸಿದ ಹೆಣ್ಣಿನ ಹೊಣೆ ಯಾರದು? ಹೋಗಬೇಕೋ ಬಿಡಬೇಕೋ ಅವಳು ನಿರ್ಧರಿಸಲಿ. ನಮ್ಮ ಬೀದಿಯ ಒಬ್ಬಾಕೆ ಮೂರು ಸಲ ಹೊರಬಂದು ಮೂರು ಸಲವೂ ಗಂಡನ ಹತ್ತಿರ ಹೋದಳು. ತಂಡದಲ್ಲಿ ಕೆಲವರಿಗೆ ಸಿಟ್ಟು ಬಂತು, ‘ಇನ್ನು ಅವಳ ಪಾಡು ಅವಳಿಗೆ’ ಎಂದರು. ಅಜ್ಜಿ ಮಾತ್ರ ‘ಅವಳು ಹೋದಷ್ಟು ಸಲ ನಾವೂ ಬಾಗಿಲು ತಟ್ಟೋಣ’ ಎಂದಳು. ನಾಲ್ಕನೇ ಸಲ ಅವಳು ಮಕ್ಕಳನ್ನೂ ಅಂಕಪಟ್ಟಿ, ಪಾಸ್‌ಬುಕ್ಕು, ಮದುವೆ ಫೋಟೋಗಳನ್ನೂ ತೆಗೆದುಕೊಂಡೇ ಬಂದಳು. ಈಗ ದುಡಿದು ತಿನ್ನುತ್ತಿದ್ದಾಳೆ.

ಕೊನೆಯದಾಗಿ ನಮ್ಮ ಮನೆಯೊಳಗಿನ ಮಾತು. ತಂಡ ಕಟ್ಟಿದ ವರ್ಷವೇ ಸದಸ್ಯೆಯೊಬ್ಬಳು ಮಗಳ ಮದುವೆಗೆಂದು ಸಂಘದಲ್ಲಿ ಸಾಲ ಕೇಳಿದಳು. ಅದು ವರನಿಗೆ ಕೊಡುವ ಹಣ ಎಂದು ಎಲ್ಲರಿಗೂ ಗೊತ್ತಿತ್ತು. 1961ರಿಂದ ವರದಕ್ಷಿಣೆ ಕೊಡುವುದೂ ತೆಗೆದುಕೊಳ್ಳುವುದೂ ಅಪರಾಧ. ನಾವು ಕೊಡುವುದಿಲ್ಲ ಎಂದೆವು. ‘ನೀವು ಕೊಡದಿದ್ದರೆ ಮೀಟರ್ ಬಡ್ಡಿಗೆ ತರುತ್ತೇನೆ’ ಎಂದು ಅವಳು ಅತ್ತಳು. ಅದಕ್ಕೆ ನಮ್ಮಲ್ಲಿ ಸುಲಭದ ಉತ್ತರವಿರಲಿಲ್ಲ. ಅವಳು ತಂದೇ ತಂದಳು. ಆದರೆ ಅಂದಿನಿಂದ ನಮ್ಮ ಉಳಿತಾಯದ ಹಣ ವರದಕ್ಷಿಣೆಗೆ ಹೋಗಿಲ್ಲ. ತಂಡಕ್ಕೆ ಸೇರುವವಳು ಮಗನಿಗಾಗಿ ಕೈ ಒಡ್ಡುವುದಿಲ್ಲ ಎಂದು ಮಾತು ಕೊಟ್ಟೇ ಸೇರುತ್ತಾಳೆ. ಅತ್ತೆಯರೂ ನಾವೇ ತಾನೇ?

ಇಷ್ಟೆಲ್ಲ ಮಾಡಿಯೂ ನಮ್ಮ ಬೀದಿಯಲ್ಲಿ ಹೊಡೆತ ನಿಂತಿದೆ ಎಂದು ನಾನು ಹೇಳಲಾರೆ. ಆದರೆ ಯಾವ ಮನೆಯ ಅಳುವೂ ಈಗ ಕಿವಿಗೆ ಬೀಳದೆ ಹೋಗುವುದಿಲ್ಲ. ಬಾಗಿಲು ತಟ್ಟುವ ಸದ್ದು ಕೇಳಿಯೇ ಕೇಳುತ್ತದೆ.

ಅಕ್ಕತಂಗಿಯರೇ, ನೀವು ದೊಣ್ಣೆ ಕೊಳ್ಳಬೇಕಾಗಿಲ್ಲ, ಸೀಟಿ ಕೊಳ್ಳಬೇಕಾಗಿಲ್ಲ. ಹಾಜರಿ ಪುಸ್ತಕ ನಿಮ್ಮ ಹತ್ತಿರ ಇದ್ದೇ ಇದೆ. ಊರಿಗೆ ಹೋದ ಮೇಲೆ ಅದನ್ನು ತೆರೆದು ನೋಡಿ. ಕಳೆದ ವಾರ ಯಾರು ಬಂದಿಲ್ಲ? ಅವಳ ಮನೆಗೆ ನಾಳೆಯೇ ಹೋಗಿ. ನಮ್ಮ ಆ ಹುಡುಗಿಯ ಹೆಸರಿನ ಮುಂದೆ ಹದಿನೈದು ರೂಪಾಯಿ ದಂಡ ಬಾಕಿ ಎಂದು ಇಂದಿಗೂ ಇದೆ. ಅದು ಅವಳ ಬಾಕಿಯಲ್ಲ, ನಮ್ಮ ಬಾಕಿ.