ಮಂಗಳೂರು ಆಳಿದ ದ್ವೀಪಗಳು



ಹಳೆಯ ಮೈಸೂರು ರಾಜ್ಯವೆಂದರೆ ನಮಗೆ ಕಾವೇರಿ ಬಯಲು, ಕಬಿನಿಯ ಕಾಡು ನೆನಪಾಗುತ್ತವೆ. ಆದರೆ ಶ್ರೀರಂಗಪಟ್ಟಣದ ಆಳ್ವಿಕೆ ಒಮ್ಮೆ ಅರಬ್ಬೀ ಸಮುದ್ರದ ಪುಟ್ಟ ದ್ವೀಪಗಳಿಗೂ ಚಾಚಿತ್ತು. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ಸೇರಿದ ಅಮಿನಿದೀವಿ ಗುಂಪು ಅದು. ಈಗಿನ ಲಕ್ಷದ್ವೀಪದ ಉತ್ತರ ಭಾಗ.

ಹವಳದ ಈ ನೆಲದಲ್ಲಿ ತೆಂಗುಂಟು, ಸುತ್ತ ಮೀನುಂಟು, ಅಕ್ಕಿಯಿಲ್ಲ. ಹೆಂಗಸರು ತೆಂಗಿನ ಸಿಪ್ಪೆ ನೆನೆಸಿ, ಬಡಿದು, ನಾರು ಬಿಡಿಸಿ ಹುರಿ ಹೊಸೆಯುತ್ತಿದ್ದರು. ಗಂಡಸರು ಅದನ್ನು ಹಾಯಿದೋಣಿಯಲ್ಲಿ ಕರಾವಳಿಗೊಯ್ದು ಅಕ್ಕಿ ತರುತ್ತಿದ್ದರು. ಹಾಗಾಗಿ ಹುರಿಯ ಬೆಲೆ ಕಟ್ಟುವವರ ಕೈಯಲ್ಲೇ ದ್ವೀಪದ ಬದುಕಿತ್ತು. ಆಗ ದ್ವೀಪಗಳನ್ನು ಆಳುತ್ತಿದ್ದ ಕಣ್ಣೂರಿನ ಅರಕ್ಕಲ್ ಮನೆತನದ ಅಧಿಕಾರಿಗಳ ಕಾಟ ತಾಳಲಾರದೆ, 1780ರ ದಶಕದಲ್ಲಿ ಅಮಿನಿಯ ಕೆಲವರು ಮಂಗಳೂರಿಗೆ ಬಂದು ಟಿಪ್ಪು ಸುಲ್ತಾನನಿಗೆ ಮೊರೆಯಿಟ್ಟರು. ಆ ಮನೆತನದ ರಾಣಿ ಅರಕ್ಕಲ್ ಬೀಬಿಯೊಡನೆ ಟಿಪ್ಪುವಿಗೆ ಸ್ನೇಹವಿತ್ತು. ಮಾತುಕತೆಯಿಂದಲೇ ದ್ವೀಪಗಳು ಕೈಬದಲಾದವು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಅವು ಈಸ್ಟ್ ಇಂಡಿಯಾ ಕಂಪನಿಗೆ ಸೇರಿದವು. ಆಡಳಿತ ಮಾತ್ರ ಮಂಗಳೂರಿನಲ್ಲೇ ಉಳಿಯಿತು. ಕವರತ್ತಿ ಮೊದಲಾದ ದಕ್ಷಿಣದ ದ್ವೀಪಗಳು ಅರಕ್ಕಲ್ ವಶದಲ್ಲಿದ್ದು ಮುಂದೆ ಮಲಬಾರ್ ಜಿಲ್ಲೆಗೆ ಸೇರಿದ್ದರಿಂದ, ಒಂದೇ ದ್ವೀಪಸ್ತೋಮ ಎರಡು ಜಿಲ್ಲೆಗಳಿಗೆ ಹಂಚಿಹೋಯಿತು. ಅಮಿನಿದೀವಿಯ ಹುರಿಯನ್ನು ಮಂಗಳೂರಿನಲ್ಲಿ ಸರ್ಕಾರವೇ ಕೊಂಡು ಬದಲಿಗೆ ಅಕ್ಕಿ ಕೊಡುತ್ತಿತ್ತು. ದ್ವೀಪದಲ್ಲಿ ಸರ್ಕಾರವೆಂದರೆ ಮೊನೆಗಾರನೆಂಬ ಅಧಿಕಾರಿ. ಮಳೆಗಾಲದಲ್ಲಿ ಕಡಲು ಕೆರಳಿದರೆ ಮಂಗಳೂರಿನ ಕಲೆಕ್ಟರರ ಅಪ್ಪಣೆಯೂ ಅಲ್ಲಿಗೆ ತಲುಪುತ್ತಿರಲಿಲ್ಲ.

1956ರ ನವೆಂಬರ್ 1ರಂದು ಮಂಗಳೂರು ಕೇಂದ್ರವಾದ ದಕ್ಷಿಣ ಕನ್ನಡ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಅದೇ ದಿನ ಅಮಿನಿದೀವಿ ಆ ಜಿಲ್ಲೆಯಿಂದ ಕಳಚಿಕೊಂಡಿತು. ಎಲ್ಲ ದ್ವೀಪಗಳೂ ಕೂಡಿ ಕೇಂದ್ರಾಡಳಿತ ಪ್ರದೇಶವಾದವು. 1964ರಲ್ಲಿ ಆಡಳಿತ ಕೇಂದ್ರ ಕೋಯಿಕ್ಕೋಡಿನಿಂದ ಕವರತ್ತಿಗೆ ಬಂತು. 1973ರಲ್ಲಿ ಲಕ್ಷದ್ವೀಪವೆಂಬ ಹೆಸರು ಬಂತು.

ಇಂದು ಅಲ್ಲಿ 36 ದ್ವೀಪಗಳು, ಜನವಸತಿ ಇರುವುದು ಹತ್ತರಲ್ಲಿ. ಒಟ್ಟು ವಿಸ್ತೀರ್ಣ 32 ಚದರ ಕಿಲೋಮೀಟರ್. 2011ರ ಜನಗಣತಿಯಂತೆ ಜನಸಂಖ್ಯೆ 64,473. ವಿಧಾನಸಭೆ ಇಲ್ಲ. ರಾಷ್ಟ್ರಪತಿಗಳು ನೇಮಿಸುವ ಆಡಳಿತಾಧಿಕಾರಿ ಆಳುತ್ತಾರೆ. ಲೋಕಸಭೆಗೆ ಒಬ್ಬ ಸದಸ್ಯರು. ಮೇಲ್ಮನವಿಗೆ ಕೇರಳ ಹೈಕೋರ್ಟು.

ಆಳುವವರು ಬದಲಾದರು, ಕಚೇರಿಗಳೂ ಸ್ಥಳಾಂತರಗೊಂಡವು. ಆದರೆ ದ್ವೀಪಕ್ಕೆ ಬೇಕಾದ ದಿನಸಿ ಸಾಮಾನು ಈಗಲೂ ಮಂಗಳೂರಿನ ಹಳೆ ಬಂದರಿನಿಂದ ಸಾಗುತ್ತದೆ. ಈ ನಂಟಿನ ಮೊದಲ ಪುಟಗಳಲ್ಲಿ ಮೈಸೂರಿನ ಹೆಸರೂ ಇದೆ ಎಂಬುದನ್ನು ನಾವು ಮರೆಯಬಾರದು.