ಹರಳಿನ ದೋಷ, ಕತ್ತಲಿನ ಕರೆಂಟು



ಈ ಸಭಾಂಗಣದ ದೀಪಗಳನ್ನೆಲ್ಲ ಆರಿಸಿದರೂ ಇಲ್ಲಿ ಕೂತಿರುವ ನಾವೆಲ್ಲ ಬೆಳಕು ಸೂಸುತ್ತಲೇ ಇರುತ್ತೇವೆ. ಅದು ಅವಕೆಂಪು ಬೆಳಕು. ನಮ್ಮ ಮೈಬಿಸಿಗೆ ಅದರ ಬಲ 9ರಿಂದ 10 ಮೈಕ್ರಾನ್ ತರಂಗಾಂತರದ ಆಸುಪಾಸಿನಲ್ಲಿ ಹೆಚ್ಚು. ಅದನ್ನು ಹಿಡಿಯುವ ಅರೆವಾಹಕದಲ್ಲಿ ಇಲೆಕ್ಟ್ರಾನು ದಾಟಬೇಕಾದ ಶಕ್ತಿಯ ಅಂತರ ತೀರ ಕಿರಿದಾಗಿರಬೇಕು. ಸಿಲಿಕಾನಿನಲ್ಲಿ ಅದು 1.1 ಇಲೆಕ್ಟ್ರಾನ್ ವೋಲ್ಟ್. ಇಲ್ಲಿ ಬೇಕಾದದ್ದು ಸುಮಾರು 0.1. ಕಷ್ಟ ಶುರುವಾಗುವುದೇ ಇಲ್ಲಿ. ನಮ್ಮ ಮುಂಬಯಿಯ ಬೈಕುಲ್ಲಾದ ಸೆಖೆಯಲ್ಲಿ ಹರಳಿನ ಸ್ವಂತ ಬಿಸಿಯೇ ಇಲೆಕ್ಟ್ರಾನುಗಳನ್ನು ದಾಟಿಸಿಬಿಡುತ್ತದೆ. ಬೆಳಕು ಬೀಳದೆಯೂ ಹೀಗೆ ಹರಿಯುವುದೇ ಡಾರ್ಕ್ ಕರೆಂಟ್. ದ್ರವ ನೈಟ್ರೋಜನ್ನಿನಿಂದ 77 ಕೆಲ್ವಿನ್‌ಗೆ ತಂಪು ಮಾಡಿದರೆ ಅದು ಬಹಳಷ್ಟು ಇಳಿಯುತ್ತದೆ, ಪೂರ್ತಿ ನಿಲ್ಲುವುದಿಲ್ಲ. ಆಗಲೂ ಸೋರುವುದಕ್ಕೆ ದೊಡ್ಡ ಕಾರಣ ಹರಳಿನೊಳಗಿನ ದೋಷ.

ಮಳೆಗಾಲದಲ್ಲಿ ನೀರು ತುಂಬಿದ ರಸ್ತೆಯ ನಟ್ಟನಡುವೆ ಯಾರೋ ಒಂದು ಕಲ್ಲು ಇಟ್ಟರೆ ಒಂದೇ ನೆಗೆತಕ್ಕೆ ಆಗದವರೂ ಎರಡು ಹೆಜ್ಜೆಯಲ್ಲಿ ದಾಟುತ್ತಾರೆ. ಅದೇ ಕಲ್ಲು ಒಂದು ದಡಕ್ಕೆ ಅಂಟಿಕೊಂಡಿದ್ದರೆ ಅಷ್ಟು ಉಪಯೋಗವಿಲ್ಲ. ದೋಷವೊಂದು ಶಕ್ತಿಯ ಅಂತರದ ನಡುಮಧ್ಯದಲ್ಲಿ ನೆಲೆ ಒದಗಿಸಿದರೆ ಆಗುವುದೂ ಇದೇ. ಆದ್ದರಿಂದ ದೋಷಗಳೆಷ್ಟು ಎಂದು ಎಣಿಸಿದರೆ ಸಾಲದು, ಅವು ಎಲ್ಲಿ ಕೂತಿವೆ ಎಂದೂ ನೋಡಬೇಕು.

ಎಲ್ಲ ದೋಷವೂ ಶತ್ರುವಲ್ಲ. 1959ರಲ್ಲಿ ಬ್ರಿಟನ್ನಿನ ಲಾಸನ್ ಮತ್ತು ಸಂಗಡಿಗರು ಬೆಳಕಿಗೆ ತಂದ, ಅವಕೆಂಪು ಹಿಡಿಯುವ ಅರೆವಾಹಕ ಮರ್ಕ್ಯುರಿ ಕ್ಯಾಡ್ಮಿಯಮ್ ಟೆಲ್ಯುರೈಡನ್ನೇ ನೋಡಿ. ಅದರಲ್ಲಿ ಪಾದರಸದ ಬಂಧ ದುರ್ಬಲ; ಪರಮಾಣು ಸುಲಭವಾಗಿ ಎದ್ದುಹೋಗುತ್ತದೆ. ಹತ್ತು ಲಕ್ಷ ಸ್ಥಾನಗಳಲ್ಲಿ ಒಂದು ಖಾಲಿಯಾದರೂ ಸಾಕು, ಹರಳು ಪಿ ಬಗೆಯದಾಗುತ್ತದೆ, ಎಂದರೆ ಅದರಲ್ಲಿ ಧನಾವೇಶ ಹರಿಯುತ್ತದೆ. ಪಾದರಸದ ಆವಿಯಲ್ಲಿ ಸುಮಾರು 250 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೇಯಿಸಿದರೆ ಆ ಖಾಲಿ ಜಾಗಗಳು ತುಂಬಿ ಹರಳು ಇಲೆಕ್ಟ್ರಾನು ಹರಿಯುವ ಎನ್ ಬಗೆಗೆ ತಿರುಗುತ್ತದೆ. ಖಾಲಿ ಸ್ಥಾನವೇ ಇಲ್ಲಿ ತಯಾರಕರ ಕೈಯ ಉಪಕರಣ. ಪರಮಾಣುಗಳ ಸಾಲಿಗೆ ಸಾಲೇ ಜಾರಿದ ಸ್ಥಾನಪಲ್ಲಟದ ಮಾತು ಬೇರೆ: ಚದರ ಸೆಂಟಿಮೀಟರಿಗೆ ಹತ್ತು ಲಕ್ಷ ದಾಟಿತೆಂದರೆ ದೀರ್ಘ ತರಂಗದ ಡಿಟೆಕ್ಟರಿನ ಸೋರಿಕೆ ತಡೆಯಲಾಗದು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎಚ್. ಎಲ್. ಭಟ್ ಅವರ ತಂಡ ಅವಕೆಂಪು ಹಿಡಿಯುವ ಇನ್ನೊಂದು ಅರೆವಾಹಕವಾದ ಇಂಡಿಯಮ್ ಆಂಟಿಮೊನೈಡಿನ ಹರಳುಗಳನ್ನು ಬೆಳೆಸಿತು. ಹರಳು ಬೆಳೆಸುವುದು ತಾಳ್ಮೆಯ ಕಸುಬು, ಹೆಸರು ತರುವುದು ಕಡಿಮೆ. ಅದಕ್ಕೆ ಸಲ್ಲಬೇಕಾದ ಗೌರವ ನಮ್ಮಲ್ಲಿ ಇನ್ನೂ ಸಂದಿಲ್ಲವೆಂಬುದು ನನ್ನ ದೃಢ ಅಭಿಪ್ರಾಯ.

ನಮ್ಮ ಊರಿನದೇ ಉದಾಹರಣೆ ಪವಯಿಯ ಐಐಟಿಯದು. ಗ್ಯಾಲಿಯಮ್ ಆರ್ಸೆನೈಡಿನ ಮೇಲೆ ಇಂಡಿಯಮ್ ಆರ್ಸೆನೈಡ್ ಬೆಳೆಸಿದರೆ ಎರಡರ ಪರಮಾಣುಜಾಲದ ಅಳತೆಯಲ್ಲಿ ಶೇಕಡ 7ರಷ್ಟು ವ್ಯತ್ಯಾಸ. ಆ ಬಿಗಿತ ತಾಳದೆ ಪದರ ತಾನಾಗಿ ಪುಟ್ಟ ದಿಬ್ಬಗಳಾಗುತ್ತದೆ. ಅವೇ ಕ್ವಾಂಟಮ್ ಚುಕ್ಕೆಗಳು. ದಿಬ್ಬ ಅತಿಯಾಗಿ ಬೆಳೆದರೆ ಸ್ಥಾನಪಲ್ಲಟ ಹುಟ್ಟುತ್ತದೆ. ಪ್ರೊ. ಸುಭಾನಂದ ಚಕ್ರವರ್ತಿಯವರ ತಂಡ ಇಂಥ ಡಿಟೆಕ್ಟರುಗಳಿಗೆ ಕಡಿಮೆ ಶಕ್ತಿಯ ಹೈಡ್ರೋಜನ್ ಅಯಾನುಗಳನ್ನು ಹೊಡೆಯಿತು. ಡಾರ್ಕ್ ಕರೆಂಟ್ ಇಳಿಯಿತು. ಪತ್ತೆಸಾಮರ್ಥ್ಯ ಹತ್ತು ಪಟ್ಟಿಗೂ ಮೀರಿ ಏರಿತೆಂದು 2013ರಲ್ಲಿ ವರದಿಯಾಯಿತು. ಹರಳಿಗೆ ಅಯಾನು ಹೊಡೆಯುವುದೆಂದರೆ ಗಾಯ ಮಾಡುವುದೇ. ಆದರೆ ಹೈಡ್ರೋಜನ್ ಹಗುರ. ಜೊತೆಯಿಲ್ಲದೆ ಉಳಿದ ಬಂಧಗಳಿಗೆ ಅಂಟಿಕೊಂಡು ನಡುವಿನ ನೆಲೆಯನ್ನು ಅಳಿಸಬಲ್ಲದು. ಶಕ್ತಿಯೋ ಪ್ರಮಾಣವೋ ಹೆಚ್ಚಾದರೆ ಅದೇ ಅಯಾನು ಹೊಸ ದೋಷಗಳನ್ನು ಹುಟ್ಟಿಸುತ್ತದೆ.