ಆಪತ್ಕಾಲಕ್ಕೊಂದು ಎರಡನೆಯ ಪ್ರತಿ



ಹತ್ತನೆಯ ಶತಮಾನದ ಅತ್ತಿಮಬ್ಬೆಯು ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದನ್ನು ನಾವೆಲ್ಲರೂ ಶಾಲೆಯಲ್ಲಿ ದಾನದ ಕಥೆಯಾಗಿ ಓದಿದ್ದೇವೆ. ಗಣಕಯಂತ್ರದ ಕೆಲಸ ಬಲ್ಲವರಿಗೆ ಅದು ಮುಂಜಾಗ್ರತೆಯ ಕಥೆಯೂ ಹೌದು. ಒಂದೂರಿನ ಭಂಡಾರಕ್ಕೆ ಬೆಂಕಿಯೋ ಗೆದ್ದಲೋ ತಗುಲಿದರೂ ಇನ್ನೊಂದೂರಿನಲ್ಲಿ ಗ್ರಂಥ ಉಳಿಯುತ್ತದೆ.

ಎರಡನೆಯ ಪ್ರತಿಯಿಲ್ಲದಿದ್ದರೆ ಏನಾಗುತ್ತದೆಂಬುದನ್ನು ಹ್ಯೂಸ್ಟನ್ ನಗರವು 2001ರ ಜೂನ್ ತಿಂಗಳಿನಲ್ಲಿ ಕಂಡಿತು. ‘ಆಲಿಸನ್’ ಚಂಡಮಾರುತದ ಮಳೆನೀರು ಟೆಕ್ಸಾಸ್ ವೈದ್ಯಕೀಯ ಕೇಂದ್ರದ ನೆಲಮಾಳಿಗೆಗಳಿಗೆ ನುಗ್ಗಿತು. ಬೇಲರ್ ವೈದ್ಯಕೀಯ ಕಾಲೇಜಿನಲ್ಲಿ ಸಾವಿರಾರು ಪ್ರಯೋಗಪ್ರಾಣಿಗಳು ಸತ್ತವು. ವರ್ಷಗಟ್ಟಲೆ ಕೂಡಿಸಿದ್ದ ಸಂಶೋಧನೆಯ ದಾಖಲೆಗಳು ಹಾಳಾದವು. ಹ್ಯೂಸ್ಟನ್ ವಿಶ್ವವಿದ್ಯಾಲಯದ ಕಾನೂನು ಗ್ರಂಥಾಲಯದಲ್ಲಿ ಸುಮಾರು 1,74,000 ಪುಸ್ತಕಗಳು ನೀರುಪಾಲಾದವು. ತುರ್ತು ಜನರೇಟರುಗಳಿದ್ದ ಆಸ್ಪತ್ರೆಗಳೂ ಕತ್ತಲಲ್ಲಿ ಮುಳುಗಿದವು. ಜನರೇಟರು ಎತ್ತರದಲ್ಲಿದ್ದರೂ ವಿದ್ಯುತ್ತನ್ನು ಹಂಚುವ ಫಲಕಗಳು ನೆಲಮಾಳಿಗೆಯಲ್ಲಿದ್ದುದೇ ಕಾರಣ. ನಮ್ಮ ಬಯಲುಸೀಮೆಯ ರೈತ ಹಗೇವು ತೋಡುವ ಮುನ್ನ ನೀರು ನಿಲ್ಲದ ಜಾಗವನ್ನು ಹುಡುಕುತ್ತಿದ್ದನೆಂಬುದು ಇಲ್ಲಿ ನೆನಪಾಗುತ್ತದೆ. ಅನಂತರ ಕೇಂದ್ರದಲ್ಲಿ ಭಾರಿ ಪ್ರವಾಹ ಬಾಗಿಲುಗಳನ್ನು ಕೂರಿಸಲಾಯಿತು. 2017ರ ‘ಹಾರ್ವಿ’ ಬಂದಾಗ ಅವು ನೀರನ್ನು ತಡೆದವು.

ಹಾಗಾದರೆ ಹ್ಯೂಸ್ಟನ್ನಿನ ಪ್ರತಿಯೊಂದನ್ನು ಆಸ್ಟಿನ್ನಿನಲ್ಲೋ ಡಲ್ಲಾಸ್‌ನಲ್ಲೋ ಇಟ್ಟರೆ ಸಾಕೇ? ನೆರೆಗೆ ಸಾಕು. ಆದರೆ 2021ರ ಫೆಬ್ರವರಿಯ ಹಿಮಗಾಳಿಯು ಮೂರೂ ನಗರಗಳನ್ನು ಒಮ್ಮೆಗೇ ಹಿಡಿಯಿತು. ಮೂರಕ್ಕೂ ವಿದ್ಯುತ್ ಜಾಲ ಒಂದೇ. ಆ ಜಾಲವು ಪೂರ್ತಿ ಕುಸಿಯಲು 4 ನಿಮಿಷ 37 ಸೆಕೆಂಡುಗಳಷ್ಟೇ ಉಳಿದಿದ್ದವೆಂದು ಅದರ ಅಧಿಕಾರಿಗಳೇ ಹೇಳಿದರು. ಆಸ್ಟಿನ್ನಿನ ಟೆಕ್ಸಾಸ್ ವಿಶ್ವವಿದ್ಯಾಲಯಕ್ಕೆ ತನ್ನದೇ ವಿದ್ಯುತ್ ಸ್ಥಾವರವಿದೆ, ಸರಿ. ಆದರೆ ಊರಿನ ನೀರು ಕೈಕೊಟ್ಟಿತು. ಗಣಕಯಂತ್ರಗಳನ್ನು ನಡೆಸಬೇಕಾದ ಸಿಬ್ಬಂದಿ ವಾಸಿಸುವುದಂತೂ ಊರಿನ ಮನೆಗಳಲ್ಲಿಯೇ. ಆದುದರಿಂದ ಮೈಲಿಗಳನ್ನು ಎಣಿಸುವುದಕ್ಕಿಂತ, ಎರಡು ಸ್ಥಳಗಳು ಯಾವುದನ್ನು ಸಮಾನವಾಗಿ ಅವಲಂಬಿಸಿವೆ ಎಂದು ಕೇಳುವುದು ಮುಖ್ಯವೆಂದು ನಮ್ಮ ಅಭಿಪ್ರಾಯ.

ಪ್ರಕೃತಿಯ ಕೋಪವಿಲ್ಲದೆಯೂ ನಷ್ಟವಾಗುವುದುಂಟು. ವಿಶ್ವವಿದ್ಯಾಲಯದ್ದಲ್ಲದಿದ್ದರೂ ಹತ್ತಿರದ ಒಂದು ಉದಾಹರಣೆ: ಅದೇ 2021ರಲ್ಲಿ ಡಲ್ಲಾಸ್ ನಗರಾಡಳಿತವು ಪೊಲೀಸ್ ಕಡತಗಳನ್ನು ಸ್ಥಳಾಂತರಿಸುವಾಗ ಸುಮಾರು 22 ಟೆರಾಬೈಟ್ ಅಳಿಸಿಹೋಯಿತು, 14ರಷ್ಟು ಮಾತ್ರ ಮರಳಿ ಸಿಕ್ಕಿತು. ಪ್ರತಿ ಇದೆಯೆಂಬ ನಂಬಿಕೆ ಬೇರೆ, ಅದನ್ನು ತೆರೆದು ಓದಿ ನೋಡಿರುವುದು ಬೇರೆ.

ಇನ್ನು ಸಮನ್ವಯದ ಮಾತು. ಮೊದಲು ಯಾವುದನ್ನು ಚಾಲನೆಗೆ ತರಬೇಕು? ಸಂಬಳದ ಪಟ್ಟಿಯೋ, ವಿದ್ಯಾರ್ಥಿಗಳ ಅಂಕಪಟ್ಟಿಯೋ, ಪ್ರಯೋಗಾಲಯದ ಶೀತಕವೋ? ಇದನ್ನು ಡೀನರು, ಕ್ಯಾಂಪಸ್ ಪೊಲೀಸರು, ವಿದ್ಯುತ್ ವಿಭಾಗದವರು ಬಿಸಿಲಿರುವಾಗಲೇ ಕೂತು ನಿರ್ಧರಿಸಬೇಕು. ಯಾರನ್ನು ಯಾವ ಸಂಖ್ಯೆಗೆ ಕರೆಯಬೇಕೆಂಬ ಪಟ್ಟಿ ಕಾಗದದ ಮೇಲಿರಬೇಕು. ನಿಂತುಹೋದ ಯಂತ್ರದೊಳಗಿನ ಪಟ್ಟಿಯಿಂದ ಯಾರಿಗೂ ಉಪಯೋಗವಿಲ್ಲ.

ನಮ್ಮ ಮನೆಗಳಲ್ಲಿ ಮಹಾಪ್ರಬಂಧ ಬರೆಯುತ್ತಿರುವ ಮಕ್ಕಳಿದ್ದಾರೆ. ಐದು ವರ್ಷದ ಅವರ ದುಡಿಮೆಯ ಎರಡನೆಯ ಪ್ರತಿ ಯಾವ ಊರಿನಲ್ಲಿದೆ ಎಂದು ಈ ವಾರವೇ ಕೇಳಿರಿ. ಪ್ರಶ್ನೆಗಳಿದ್ದವರು ದಯಮಾಡಿ ಮುಂದೆ ಬನ್ನಿ.